ಕೈಯಲ್ಲಿ ಅಡಗಿದ ಮಿಂಚು

ಮಕ್ಕಳೇ, ಹೋದ ಭಾನುವಾರ ನನ್ನ ಮೊಮ್ಮಗ ಮನೆಯ ಹಳೆಯ ಕಂಪ್ಯೂಟರ್ ಬಿಚ್ಚಿಕೊಂಡು ಜಮಖಾನೆಯ ಮೇಲೆ ಕುಳಿತಿದ್ದ. ಕೈಯಲ್ಲಿ ಹೊಸ ಮೆಮೊರಿ ಪಟ್ಟಿ. “ಮುತ್ಯಾ, ಎರಡೇ ನಿಮಿಷದ ಕೆಲಸ” ಅಂದ. “ತಡಿ ತಮ್ಮಾ, ಮೊದಲು ಅದನ್ನ ಡಬ್ಬಿಯೊಳಗಿಡು” ಅಂದೆ. ಅವನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ.

ಆಗ ನಾನು ದಿನಾ ಬಸವಕಲ್ಯಾಣದಿಂದ ಬಸ್ಸು ಹಿಡಿದು ಹುಮನಾಬಾದಿಗೆ ಹೋಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡುತ್ತಿದ್ದೆ. ದಪ್ಪ ಲೆಡ್ಜರುಗಳು ಹೋಗಿ, ಎಲ್ಲರ ಖಾತೆಗಳೂ ಹಿಂದಿನ ಕೋಣೆಯ ಸರ್ವರ್ ಎಂಬ ಒಂದೇ ಯಂತ್ರದೊಳಗೆ ಸೇರಿದ್ದವು. ಗಿರಾಕಿಗಳು ಹೆಚ್ಚಿದಂತೆ ಅದು ನಿಧಾನವಾಯಿತು. 2000ನೇ ಇಸವಿಯ ಜನವರಿ 29, ಶನಿವಾರ, ಹೈದರಾಬಾದಿನಿಂದ ಒಬ್ಬ ಇಂಜಿನಿಯರ್ ಹುಡುಗ ಎರಡನೆಯ ಪ್ರೊಸೆಸರ್ ಮತ್ತು ಹೆಚ್ಚಿನ ಮೆಮೊರಿ ತಂದ.

ಪ್ರೊಸೆಸರ್ ಅಂದರೆ ಲೆಕ್ಕ ಮಾಡುವ ಗುಮಾಸ್ತ. ಇಬ್ಬರಿದ್ದರೆ ಕೆಲಸ ಹಂಚಿಕೊಳ್ಳುತ್ತಾರೆ. ಆದರೆ ಇಬ್ಬರ ಮುಂದೆಯೂ ತೆರೆದಿರುವ ಪುಸ್ತಕ ಒಂದೇ. ಅದೇ ಮೆಮೊರಿ. ಅದರ ಹಾಳೆ ಹರಿದರೆ ಇಬ್ಬರೂ ಕೈಕಟ್ಟಿ ಕೂಡಬೇಕು.

ಹುಡುಗ ಮೊದಲು ಎಲ್ಲ ಲೆಕ್ಕದ ಪ್ರತಿಯನ್ನು ಟೇಪಿನಲ್ಲಿ ತೆಗೆದ. ಯಂತ್ರ ಆರಿಸಿ ಪ್ಲಗ್ ಕಿತ್ತ. ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ, ಅದರ ತಂತಿಯನ್ನು ಯಂತ್ರದ ಲೋಹದ ಮೈಗೆ ಸಿಕ್ಕಿಸಿದ. ಹಳೆಯ ಪ್ರೊಸೆಸರಿನದೇ ಜಾತಿ, ಅದೇ ವೇಗದ ಹೊಸದನ್ನು ಕೂಡಿಸಿದ. ನಂತರ ಚಹಾ ಕುಡಿಯಲು ಹೊರಗೆ ಹೋದ.

ನಾನು ಉಣ್ಣೆಯ ಸ್ವೆಟರ್ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದೆ. ಕುತೂಹಲ ತಡೆಯದೆ ಮೆಮೊರಿ ಪಟ್ಟಿಯೊಂದನ್ನು ಎತ್ತಿ, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಮುಟ್ಟಿ ನೋಡಿ ಇಟ್ಟೆ. ಏನೂ ಅನಿಸಲಿಲ್ಲ. ಹುಡುಗ ಬಂದು, “ಸರ್, ಯಾರಾದರೂ ಇದನ್ನ ಮುಟ್ಟಿದ್ರಾ?” ಎಂದು ಕೇಳಿದ. “ಇಲ್ಲ” ಅಂದುಬಿಟ್ಟೆ. ಯಂತ್ರ ಚೆನ್ನಾಗಿಯೇ ಶುರುವಾಯಿತು.

ಮಂಗಳವಾರ ಒಂದನೆಯ ತಾರೀಖು, ಪಿಂಚಣಿಯ ದಿನ. ಸಾಲು ರಸ್ತೆಗೆ ಮುಟ್ಟಿದಾಗ ಸರ್ವರ್ ನಿಂತಿತು. ಮತ್ತೆ ಶುರು ಮಾಡಿದೆವು, ಮತ್ತೆ ನಿಂತಿತು. ಒಬ್ಬ ಆಯಿ ಪಾಸ್‌ಬುಕ್ ಹಿಡಿದು, “ಯಪ್ಪಾ, ಗುಳಿಗೆಗೆ ರೊಕ್ಕ ಬೇಕಾಗ್ಯಾದ, ಊರಿನ ಬಸ್ ಹೊಂಟು ಹೋಗ್ತದ” ಅಂದಳು. ನನಗೆ ತಡೆಯಲಾಗಲಿಲ್ಲ. ಹುಡುಗನಿಗೆ ಫೋನು ಮಾಡಿ ನಿಜ ಹೇಳಿದೆ.

ಅವನು ಬೈಯಲಿಲ್ಲ. “ಅದೇ ಕಾರಣ ಅಂತ ಗಟ್ಟಿಯಾಗಿ ಹೇಳಲಾರೆ ಸರ್. ಆದರೆ ಅವತ್ತೇ ಹೇಳಿದ್ರೆ ಬೇರೆ ಪಟ್ಟಿ ಹಾಕ್ತಿದ್ದೆ” ಅಂದ. ಅವನು ಫೋನಿನಲ್ಲಿ ಹೇಳಿದಂತೆ ಪ್ಲಗ್ ಕಿತ್ತು, ಲೋಹದ ಪೆಟ್ಟಿಗೆ ಮುಟ್ಟಿಕೊಂಡು, ಹೊಸ ಪಟ್ಟಿಯನ್ನು ತೆಗೆದೆವು. ಮಧ್ಯಾಹ್ನ ಯಂತ್ರ ನಡೆಯಿತು, ಆಯಿಗೂ ರೊಕ್ಕ ಸಿಕ್ಕಿತು. ಆದರೆ ಅವಳ ಬಸ್ಸು ಹೋಗಿತ್ತು.

ಮಕ್ಕಳೇ, ನಮ್ಮ ಕಡೆ ಚಳಿಗಾಲದ ಗಾಳಿ ಒಣ. ಉಣ್ಣೆ, ಪ್ಲಾಸ್ಟಿಕ್ ತಿಕ್ಕಿದಾಗ ಮೈಯಲ್ಲಿ ಸ್ಥಿರವಿದ್ಯುತ್ ಕೂಡುತ್ತದೆ. ಸುಮಾರು 3,000 ವೋಲ್ಟ್ ಆಗುವ ತನಕ ನಮಗೆ ಚುರ್ ಅನ್ನುವುದಿಲ್ಲ. ಕೆಲವು ಚಿಪ್ಪುಗಳಿಗೆ 100 ವೋಲ್ಟಿಗಿಂತ ಕಡಿಮೆಯೂ ಸಾಕು. ಪೆಟ್ಟು ತಿಂದ ಚಿಪ್ಪು ಕೂಡಲೇ ಸಾಯಬೇಕೆಂದಿಲ್ಲ. ಒಳಪೆಟ್ಟಿನೊಂದಿಗೆ ನಾಲ್ಕು ದಿನ ದುಡಿದು, ಕೆಲಸದ ಭಾರ ಬಿದ್ದ ದಿನ ಕೈಕೊಡಬಹುದು. ಅದಕ್ಕೇ ಪ್ಲಗ್ ಕೀಳಿ, ಉಣ್ಣೆಬಟ್ಟೆ ತೆಗೆದಿಡಿ, ಲೋಹದ ಮೈ ಮುಟ್ಟಿ, ಪಟ್ಟಿಯನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ಕಥೆ ಮುಗಿದಾಗ ಮೊಮ್ಮಗ ತಲೆ ತಗ್ಗಿಸಿ, “ಮುತ್ಯಾ, ನಾನೂ ಹಲ್ಲು ಮುಟ್ಟೀನಿ” ಅಂದ. ಬೆನ್ನು ತಟ್ಟಿದೆ. ಹಾಕಿ ನೋಡಿದೆವು, ನಡೆಯುತ್ತಿದೆ. ಆದರೂ ಅವನ ಪಾಠದ ಕಡತಗಳ ಪ್ರತಿ ತೆಗೆದಿಟ್ಟಿದ್ದೇವೆ.

ಅಜ್ಜ ಅಜ್ಜಿಯರೇ, ಮಗು ತಾನಾಗಿ ಬಂದು “ನಾನು ಮುಟ್ಟಿದೆ” ಅಂದರೆ ಮೊದಲು ಬೈಯಬೇಡಿ. ಅಂಥ ಮಾತು ಹೇಳಲು ಐವತ್ತು ದಾಟಿದ ನನಗೆ ಮೂರು ದಿನ ಬೇಕಾಯಿತು.