ಲಿನಕ್ಸ್ ಹಾದಿಗೆ ಮುದ್ರಣ ಯಂತ್ರವೇ ಅಡ್ಡಗಾಲು

ಹಾಸನ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯಿರಬೇಕು. ಇಂಟೆಲ್ ಯಂತ್ರವಾದರೆ 8ನೇ ಪೀಳಿಗೆಯದೋ ನಂತರದ್ದೋ ಆಗಿರಬೇಕು. ಹಾಸನ ನಗರದಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಾಗಲಿ, ಜೆರಾಕ್ಸ್ ಅಂಗಡಿಗೂ ಪತ್ರ ಬರಹಗಾರರ ಮೇಜಿಗೂ ಹಳೆಯ ಕಂಪ್ಯೂಟರೇ ಆಧಾರ. ಕೆಟ್ಟಿಲ್ಲದ ಯಂತ್ರವನ್ನು ಎಸೆಯುವುದೇಕೆ ಎಂದು ಯೋಚಿಸಿದವರಿಗೆ ಉಚಿತವಾಗಿ ದೊರೆಯುವ ಲಿನಕ್ಸ್ ಸಹಜವಾಗಿಯೇ ಕಣ್ಣಿಗೆ ಬೀಳುತ್ತದೆ.

ಲಿನಕ್ಸ್ ಅಳವಡಿಸುವುದು ಇಂದು ಕಷ್ಟದ ಕೆಲಸವೇನಲ್ಲ. ಉಬುಂಟು ಅಥವಾ ಮಿಂಟ್ ಅರ್ಧ ಗಂಟೆಯಲ್ಲಿ ಕೂರುತ್ತದೆ. ಫಜೀತಿ ಆರಂಭವಾಗುವುದು ಅದರ ನಂತರ.

ಮೊದಲನೆಯದು ಪ್ರಿಂಟರ್. ರಾಜ್ಯದ ಸಣ್ಣ ಕಚೇರಿಗಳಲ್ಲಿ ಮನೆಮಾತಾಗಿರುವ ಕ್ಯಾನನ್ ಎಲ್‌ಬಿಪಿ 2900 ಮಾದರಿಯನ್ನೇ ನೋಡಿ. ಪುಟವನ್ನು ಸಿದ್ಧಪಡಿಸುವ ಬಹುಪಾಲು ಕೆಲಸವನ್ನು ಅದು ಕಂಪ್ಯೂಟರಿಗೇ ಬಿಡುತ್ತದೆ. ಕಂಪ್ಯೂಟರಿನೊಡನೆ ಮಾತನಾಡುವುದು ಕ್ಯಾನನ್‌ನದೇ ಆದ ಕ್ಯಾಪ್ಟ್ ಎಂಬ ಭಾಷೆಯಲ್ಲಿ. ಲಿನಕ್ಸ್‌ಗಾಗಿ ಕಂಪನಿ ಚಾಲಕ ತಂತ್ರಾಂಶವನ್ನು ನೀಡಿತಾದರೂ ಹೊಸ ಆವೃತ್ತಿಗಳಲ್ಲಿ ಅದನ್ನು ಓಡಿಸಲು ಹರಸಾಹಸ ಬೇಕು. ಎಚ್‌ಪಿ ಲೇಸರ್‌ಜೆಟ್ 1020ರ ಕಥೆಯೇ ಬೇರೆ. ಅದು ತನ್ನ ಆಂತರಿಕ ತಂತ್ರಾಂಶವನ್ನು ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ. ಪ್ರತಿ ಬಾರಿ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಅದನ್ನು ಕಳುಹಿಸಿಕೊಡಬೇಕು. ಕರೆಂಟ್ ಹೋಗಿ ಬರುವ ಊರಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ವೈ-ಫೈ. ಬ್ರಾಡ್‌ಕಾಮ್ ಚಿಪ್ ಇರುವ ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಚಾಲಕ ತಂತ್ರಾಂಶವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. ಅಂತರ್ಜಾಲ ಸಿಗಲು ಆ ತಂತ್ರಾಂಶವೇ ಬೇಕು! ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಈ ಚಕ್ರವ್ಯೂಹ ಭೇದಿಸಬಹುದು. ಆದರೆ ಗೊತ್ತಿದ್ದವರಿಗೆ ಮಾತ್ರ ಅದು ಸುಲಭ.

ಕನ್ನಡದ ಮಟ್ಟಿಗೆ ಇನ್ನೂ ದೊಡ್ಡ ತೊಡಕೊಂದಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ವಿಂಡೋಸ್‌ಗೆಂದೇ ರೂಪುಗೊಂಡ ತಂತ್ರಾಂಶ. ಅದರ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚಾದ ಕ್ರಯಪತ್ರ, ಅರ್ಜಿಗಳು ಯೂನಿಕೋಡ್‌ನಲ್ಲಿಲ್ಲ. ಲಿನಕ್ಸ್‌ನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ನುಡಿ ಫಾಂಟ್ ಸೇರಿಸಿದರೆ ಓದಬಹುದು. ತಿದ್ದಬೇಕೆಂದರೆ ಯೂನಿಕೋಡ್‌ಗೆ ಪರಿವರ್ತಿಸುವುದೇ ಲೇಸು. ಪರಿವರ್ತಕಗಳೇನೋ ಇವೆ; ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವ ಭಯವಿರುವುದರಿಂದ ಆಸ್ತಿ ದಾಖಲೆಯನ್ನು ಮತ್ತೊಮ್ಮೆ ಅಕ್ಷರಶಃ ಓದಲೇಬೇಕು. ಹೊಸದಾಗಿ ಬರೆಯುವವರಿಗೆ ಮಾತ್ರ ಚಿಂತೆಯಿಲ್ಲ: ಕಗಪ ಕೀಲಿಮಣೆಯ ವಿನ್ಯಾಸವೂ ಗುಬ್ಬಿ, ನವಿಲು ಎಂಬ ಫಾಂಟ್‌ಗಳೂ ಲಿನಕ್ಸ್‌ನಲ್ಲಿ ದೊರೆಯುತ್ತವೆ.

ಲಿನಕ್ಸ್ ಅಭಿಮಾನಿಗಳು ಇಲ್ಲಿ ‘ತಪ್ಪು ಪ್ರಿಂಟರ್ ಕಂಪನಿಯದು’ ಎಂದು ಕೈತೊಳೆದುಕೊಳ್ಳುವುದುಂಟು. ಮಾತು ನಿಜ. ಆದರೆ ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಸರದಿಯಲ್ಲಿ ನಿಂತಿರುವ ರೈತನಿಗೆ ಆ ಸತ್ಯದಿಂದ ಒಂದು ಹಾಳೆಯೂ ಅಚ್ಚಾಗದು. ಅಂಗಡಿಯಾತ ಮರುದಿನವೇ ನಕಲಿ ವಿಂಡೋಸ್‌ಗೆ ಮರಳಿದರೆ ಅಚ್ಚರಿಯೇನಿದೆ?

ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳತ್ತ ನೋಡಿದರೆ ಬೇರೊಂದು ಚಿತ್ರ ಸಿಗುತ್ತದೆ. ಕೇರಳದ ಐಟಿ@ಸ್ಕೂಲ್ ಯೋಜನೆ, 2017ರಿಂದ ‘ಕೈಟ್’ ಸಂಸ್ಥೆ, ಸರ್ಕಾರಿ ಶಾಲೆಗಳಿಗಾಗಿ ತನ್ನದೇ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿ ಶಿಕ್ಷಕರಿಗೆ ತರಬೇತಿಯನ್ನೂ ನೀಡಿತು. ಅಲ್ಲಿ ಒಬ್ಬ ಶಿಕ್ಷಕ ಚಾಲಕ ತಂತ್ರಾಂಶ ಹುಡುಕುತ್ತಾ ಒಂಟಿಯಾಗಿ ಕೂರಬೇಕಾಗಿಲ್ಲ. ನಮ್ಮಲ್ಲಿಯೂ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯು ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶದ ಪರಿಚಯ ಮಾಡಿಸಿತ್ತು. ತಾಲ್ಲೂಕು ಕೇಂದ್ರದ ಅಂಗಡಿ, ಕಚೇರಿಗಳಿಗೆ ಮಾತ್ರ ಅಂತಹ ಆಸರೆಯಿಲ್ಲ.

ಸದ್ಯಕ್ಕೆ ಮಾಡಬಹುದಾದ್ದು ಇಷ್ಟು. ಹಾರ್ಡ್ ಡಿಸ್ಕ್ ಅಳಿಸುವ ಮುನ್ನ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ, ಪ್ರಿಂಟರ್, ಸ್ಕ್ಯಾನರ್, ವೈ-ಫೈ ಮೂರನ್ನೂ ಪರೀಕ್ಷಿಸಬೇಕು. ಆಧಾರ್ ಬೆರಳಚ್ಚು ಸಾಧನ ಇಲ್ಲವೇ ಡಿಜಿಟಲ್ ಸಹಿಯ ಟೋಕನ್ ಬಳಸುವವರು ತಯಾರಕರ ತಂತ್ರಾಂಶ ಲಿನಕ್ಸ್‌ಗೆ ಇದೆಯೇ ಎಂದು ಮೊದಲೇ ವಿಚಾರಿಸುವುದು ಒಳಿತು. ಇಲ್ಲವಾದರೆ ಒಂದು ಯಂತ್ರವನ್ನಾದರೂ ವಿಂಡೋಸ್‌ನಲ್ಲೇ ಉಳಿಸಿಕೊಳ್ಳಬೇಕಾಗುತ್ತದೆ. ಇನ್ನು ಸರ್ಕಾರ. ಹೊಸ ಪ್ರಿಂಟರ್ ಖರೀದಿಸುವ ಟೆಂಡರಿನಲ್ಲಿ ‘ಲಿನಕ್ಸ್‌ನಲ್ಲಿಯೂ ಕೆಲಸ ಮಾಡತಕ್ಕದ್ದು’ ಎಂಬ ಒಂದು ಸಾಲು ಸೇರಿಸಿದರೆ ಸಾಕು, ಮಾರಾಟಗಾರರು ಆ ಸಾಧನಗಳನ್ನೇ ತರಿಸಲಾರಂಭಿಸುತ್ತಾರೆ, ಅವು ಬಿ.ಎಂ. ರಸ್ತೆಯ ಅಂಗಡಿಗಳಿಗೂ ಬರುತ್ತವೆ.