ಆರಿದ್ರಾ ಮಳೆಯ ನಕ್ಷತ್ರ

ಹರಿಶ್ಚಂದ್ರಗಡಕ್ಕೆ ಕ್ಯಾಮೆರಾ ಹೊತ್ತು ಹೋಗಲು ಶುರುಮಾಡಿ ಒಂಬತ್ತು ವರ್ಷವಾಯಿತು. ಪುಣೆಯಲ್ಲಿ ವಾರವಿಡೀ ಯಾರದೋ ಸರ್ವರ್ ಕಾಯುವವನಿಗೆ ಶನಿವಾರ ರಾತ್ರಿ ಬೆಟ್ಟ ಕಾಯುವುದೇ ಒಂದು ಬದಲಾವಣೆ. ಮೊದಮೊದಲು ಕೊಂಕಣ ಕಡಾದ ಅಂಚಿನಲ್ಲಿ ಸೂರ್ಯಾಸ್ತದ ಫೋಟೋ ತೆಗೆದು ಇಳಿದುಬಿಡುತ್ತಿದ್ದೆ. ರಾತ್ರಿ ಉಳಿಯುವ ಚಟ ಆಮೇಲೆ ಹತ್ತಿದ್ದು.

ಆಕಾಶಗಂಗೆಯ ಹಿಂದೆ ಬಿದ್ದವರಿಗೆಲ್ಲ ಒಂದು ಸಂಕಟ ಗೊತ್ತು. ಅದರ ದಟ್ಟ ಭಾಗ ಇರುವುದು ವೃಶ್ಚಿಕ, ಧನು ರಾಶಿಗಳ ಕಡೆಗೆ. ಅದು ರಾತ್ರಿಯಿಡೀ ಮೇಲಿರುವುದು ಜೂನ್, ಜುಲೈನಲ್ಲಿ. ಸಹ್ಯಾದ್ರಿಯಲ್ಲಿ ಆಗ ನಕ್ಷತ್ರ ಹಾಗಿರಲಿ, ಮುಂದೆ ಹೋಗುವವನ ಬೆನ್ನೂ ಕಾಣದಷ್ಟು ಮಂಜು. ಫೆಬ್ರುವರಿಯಲ್ಲಾದರೆ ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಏಪ್ರಿಲ್, ಮೇನಲ್ಲಿ ಧೂಳು, ಕಾಳ್ಗಿಚ್ಚಿನ ಹೊಗೆ. ಅಕ್ಟೋಬರಿನಲ್ಲಿ ಗಾಳಿ ತೊಳೆದಿಟ್ಟಂತಿರುತ್ತದೆ, ಆದರೆ ಕತ್ತಲಾಗುವಷ್ಟರಲ್ಲಿ ಆಕಾಶಗಂಗೆ ನೈಋತ್ಯಕ್ಕೆ ವಾಲಿ ಕಲ್ಯಾಣ, ಮುಂಬೈಗಳ ಹಳದಿ ಬೆಳಕಿನೊಳಗೆ ಇಳಿಯುತ್ತಿರುತ್ತದೆ. ಹಾಗಾಗಿ ನನಗೆ ಡಿಸೆಂಬರೇ ಇಷ್ಟ. ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಬ್ಯಾಟರಿ ಬೇಗ ಸಾಯುತ್ತದೆ, ಆದರೆ ಆಕಾಶ ಮೋಸ ಮಾಡುವುದಿಲ್ಲ.

2023ರ ಡಿಸೆಂಬರಿನಲ್ಲಿ ಅಪ್ಪ ನಮ್ಮಲ್ಲಿದ್ದರು. ಎರಡು ತಿಂಗಳ ಹಿಂದಷ್ಟೇ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. ಕೊಪ್ಪದ ಹತ್ತಿರದ ಅಡಿಕೆ ತೋಟ ಬಿಟ್ಟು ಬಂದವರಿಗೆ ಫ್ಲ್ಯಾಟಿನಲ್ಲಿ ಹೊತ್ತು ಹೋಗುತ್ತಿರಲಿಲ್ಲ. 9ನೇ ತಾರೀಕು, ಶನಿವಾರ, ಅಮಾವಾಸ್ಯೆಗೆ ಮೂರು ದಿನ. ಬೆಟ್ಟ ಹತ್ತಿಸುವ ಮಾತಿರಲಿಲ್ಲ. ಬುಡದ ಪಾಚನಯಿವರೆಗೆ ಕಾರು ಹೋಗುತ್ತದೆ. ಊರಾಚೆಯ ಕೊಯ್ದ ಗದ್ದೆಯೊಂದರಲ್ಲಿ ಟ್ರೈಪಾಡ್ ಊರಿದೆ. ಅಪ್ಪ ಮಫ್ಲರ್ ಸುತ್ತಿಕೊಂಡು ಬದುವಿನ ಮೇಲೆ ನಿಂತರು.

ರಾತ್ರಿ ಹತ್ತರ ಹೊತ್ತಿಗೆ ಪೂರ್ವದಲ್ಲಿ ಕೆಂಡದ ಬಣ್ಣದ ಚುಕ್ಕಿಯೊಂದನ್ನು ತೋರಿಸಿ, "ಅದೇ ಆರಿದ್ರಾ" ಎಂದೆ.

"ಆರಿದ್ರಾ ಅಂದ್ರೆ ಮಳೆ ಅಲ್ವೇನೋ?"

ಎಪ್ಪತ್ತನಾಲ್ಕು ವರ್ಷದ ಅಪ್ಪ ರೋಹಿಣಿ, ಮೃಗಶಿರ, ಆರಿದ್ರಾ ಎಂದು ಹೆಸರು ಹಿಡಿದೇ ಮಳೆಯನ್ನು ಎಣಿಸಿದವರು. ಆ ಹೆಸರಿನ ನಕ್ಷತ್ರವನ್ನು ಒಮ್ಮೆಯೂ ನೋಡಿರಲಿಲ್ಲ. ನಾನೂ ಕ್ಯಾಮೆರಾ ಹಿಡಿಯುವತನಕ ನೋಡಿರಲಿಲ್ಲ, ಅದು ಬೇರೆ ಮಾತು. ಆರಿದ್ರಾ ಮಳೆ ಎಂದರೆ ಸೂರ್ಯ ಆರಿದ್ರಾದಲ್ಲಿರುವ ಹದಿಮೂರು ಹದಿನಾಲ್ಕು ದಿನ, ಜೂನ್ 22ರ ಸುಮಾರಿಗೆ ಹಿಡಿಯುವುದು. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವುದರಿಂದ, ಮೋಡ ಇರದಿದ್ದರೂ ಕಾಣುವಂತಿಲ್ಲ. ಕಾಣಬೇಕೆಂದರೆ ಸೂರ್ಯ ಆಚೆ ಬದಿಗೆ ಹೋಗಬೇಕು, ಅಂದರೆ ಆರು ತಿಂಗಳು ಬಿಟ್ಟು, ಈಗ. ಇದನ್ನೆಲ್ಲ ಟಾರ್ಚಿನ ಬೆಳಕಲ್ಲಿ ಕೈಯಾಡಿಸಿ ವಿವರಿಸಿದೆ. ಅಪ್ಪ ಏನೂ ಅನ್ನಲಿಲ್ಲ. ಆಫೀಸಿನ ಪ್ರೆಸೆಂಟೇಶನ್ನಿನಂತೆ ಆಯಿತೇನೋ ಎಂದು ನಾನು ಕ್ಯಾಮೆರಾ ಕಡೆ ತಿರುಗಿದೆ.

ಐಎಸ್‌ಒ 3200, ಎಫ್ 2.8, ಇಪ್ಪತ್ತು ಸೆಕೆಂಡ್. ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಭೂಮಿ ತಿರುಗುವುದಕ್ಕೆ ನಕ್ಷತ್ರಗಳು ಗೆರೆಯಾಗುತ್ತವೆ. "ಅಪ್ಪ, ಇಪ್ಪತ್ತು ಸೆಕೆಂಡ್ ಅಲ್ಲಾಡಬೇಡಿ" ಎಂದು ಬಟನ್ ಒತ್ತಿದೆ.

ಅಷ್ಟರಲ್ಲಿ ಬದುವಿನ ಮೇಲಿಂದ ಸಣ್ಣ ದನಿಯಲ್ಲಿ ಲೆಕ್ಕ ಕೇಳಿಸಿತು. "ಸ್ವಾತಿ, ವಿಶಾಖ, ಅನೂರಾಧ... ಈಗ ಜ್ಯೇಷ್ಠಾ ನಡೀತಿದೆ. ಹಂಗಾದ್ರೆ ಜ್ಯೇಷ್ಠಾ ಕಾಣೋದು ಮಳೆ ಹಿಡಿಯೋ ಹೊತ್ತಿಗೆ, ಅಲ್ವೇನೋ?"

ಹೌದು. ಜ್ಯೇಷ್ಠಾ ಇರುವುದು ವೃಶ್ಚಿಕದಲ್ಲಿ, ನಾನು ವರ್ಷವರ್ಷವೂ ಮಂಜಿನಲ್ಲಿ ಕಳೆದುಕೊಳ್ಳುವ ಆಕಾಶಗಂಗೆಯ ಪಕ್ಕದಲ್ಲೇ. ಮೇ ಕೊನೆಯೊಳಗೆ ಬನ್ನಿ, ಮೋಡ ಕಟ್ಟುವ ಮೊದಲು ತೋರಿಸುತ್ತೇನೆ ಎಂದೆ.

"ಮೇನಲ್ಲಿ ತೋಟಕ್ಕೆ ನೀರು ಬಿಡೋರು ಯಾರು?" ಎಂದರು.

ಆ ಫೋಟೋ ಈಗ ನಮ್ಮ ಹಾಲ್‌ನಲ್ಲಿದೆ. ಆರಿದ್ರಾ ಸೂಜಿಮೊನೆಯಷ್ಟು ಸ್ಪಷ್ಟ. ಅಪ್ಪನ ಮಫ್ಲರೂ ಪರವಾಗಿಲ್ಲ. ಬೆರಳು ಮಡಚಿ ಎಣಿಸುತ್ತಿದ್ದ ಬಲಗೈ ಮಾತ್ರ ಕಲಸಿಹೋಗಿದೆ.