ಇಮ್ಯುನಿಟಿ ಪುಡಿ ಮತ್ತು ಅಮ್ಮನ ಬೆರಳು

ಕ್ಲಿಯರ್ ಲೇಕ್‌ನಿಂದ – 14

ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಮ್ಮ ಕೈ ತೋರಿಸಲೇ ಇಲ್ಲ. ಒತ್ತಾಯ ಮಾಡಿದ ಮೇಲೆ ನೋಡಿದೆ. ಬೆರಳಿನ ಗೆಣ್ಣೆಲ್ಲ ಊದಿಕೊಂಡಿವೆ, ಸೌಟು ಹಿಡಿಯಲೂ ಆಗುತ್ತಿಲ್ಲ. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗುವ ಮಾತ್ರೆ ಬಿಟ್ಟು ಒಂದೂವರೆ ತಿಂಗಳಾಯಿತಂತೆ! "ಅದು ಇಮ್ಯುನಿಟಿ ಕಡಿಮೆ ಮಾಡುತ್ತಂತೆ ಕಣೇ, ಗ್ರೂಪಲ್ಲಿ ಬಂದಿತ್ತು" ಅಂದಳು. ಬದಲಿಗೆ ಇಮ್ಯುನಿಟಿ ಹೆಚ್ಚಿಸುವ ಪುಡಿ. ಕಳಿಸಿದವರು ನಮ್ಮವರೇ, ಪ್ರೀತಿಯಿಂದಲೇ. ಹಾಗಾಗಿ ಬೈಯುವುದಿಲ್ಲ. ಆದರೆ ಹೇಳಲೇಬೇಕು.

ಇಮ್ಯುನಿಟಿಯನ್ನು ನಾವು ಮೊಬೈಲ್ ಚಾರ್ಜ್ ಥರ ನೋಡುತ್ತೇವೆ, ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ. ದೇಹದ ಲೆಕ್ಕ ಬೇರೆ. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಮೂಳೆಮಜ್ಜೆಯಲ್ಲಿ ಹುಟ್ಟಿದ ಎಳೆ ಕೋಶಗಳು ಅಲ್ಲಿಗೆ ಬಂದು ಟಿ ಕೋಶಗಳಾಗುತ್ತವೆ. ಅಲ್ಲಿ ಎರಡು ಪರೀಕ್ಷೆ. ನಮ್ಮ ದೇಹದ ಗುರುತು ಓದಲು ಬರುತ್ತಾ? ಬರದಿದ್ದರೆ ಸಾವು. ನಮ್ಮ ದೇಹದ ಮೇಲೇ ಜೋರಾಗಿ ಎರಗುತ್ತಾ? ಆಗಲೂ ಸಾಮಾನ್ಯವಾಗಿ ಸಾವು. ಪಾಸಾಗಿ ಹೊರಬರುವುದು ನೂರಕ್ಕೆ ಐದೂ ಇಲ್ಲ. ಕೆಲವನ್ನು ಉಳಿದವುಗಳನ್ನು ತಡೆಯುವ ಕಾವಲು ಕೋಶಗಳಾಗಿ ತಯಾರು ಮಾಡುತ್ತದೆ. 2025ರ ವೈದ್ಯಕೀಯ ನೊಬೆಲ್ ಬಂದದ್ದು ಈ ಕಾವಲಿನ ಸಂಶೋಧನೆಗೇ. ಈ ಹಿಡಿತ ತಪ್ಪಿ, ಇಮ್ಯುನಿಟಿ ಸ್ವಂತ ಕೀಲುಗಳ ಮೇಲೇ ಎರಗುವ ಕಾಯಿಲೆ ಅಮ್ಮನದು. ಅವಳ ಮಾತ್ರೆ ಮಾಡುವುದು ಅದನ್ನು ತಗ್ಗಿಸುವ ಕೆಲಸ.

ಟಿ ಕೋಶ ಇಲ್ಲದಿದ್ದರೂ ಬದುಕಿಲ್ಲ, ಒಪ್ಪುತ್ತೇನೆ. 1971ರಲ್ಲಿ ನಮ್ಮ ಹ್ಯೂಸ್ಟನ್‌ನಲ್ಲೇ ಹುಟ್ಟಿದ ಡೇವಿಡ್ ವೆಟರ್‌ಗೆ ಅವು ಇರಲಿಲ್ಲ. ಹುಟ್ಟಿದ ಕ್ಷಣದಿಂದ ಪ್ಲಾಸ್ಟಿಕ್ ಗುಳ್ಳೆಯೊಳಗೇ ಬೆಳೆದ. 1977ರಲ್ಲಿ ನಾಸಾದವರು ಅವನಿಗೊಂದು ವಿಶೇಷ ಉಡುಪು ಹೊಲಿದುಕೊಟ್ಟರು. ಅವರ ಜಾನ್ಸನ್ ಸ್ಪೇಸ್ ಸೆಂಟರ್ ನಮ್ಮ ಕ್ಲಿಯರ್ ಲೇಕ್‌ನಲ್ಲೇ ಇದೆ, ಅದರ ಮುಂದೆ ಹಾದುಹೋಗುವಾಗೆಲ್ಲ ಆ ಹುಡುಗ ನೆನಪಾಗುತ್ತಾನೆ. 1984ರಲ್ಲಿ, ಹನ್ನೆರಡನೇ ವಯಸ್ಸಿಗೆ ಹೋಗಿಬಿಟ್ಟ.

ಇನ್ನೊಂದು ತುದಿ ನೋಡಿ. ಸ್ಟೆಫೈಲೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ಸೂಪರ್ ಆಂಟಿಜೆನ್ ಎಂಬ ವಿಷ ಬಿಡುತ್ತವೆ. ಸಾಮಾನ್ಯ ಸೋಂಕಿಗೆ ಹತ್ತು ಸಾವಿರದಲ್ಲಿ ಒಂದು ಟಿ ಕೋಶ ಏಳುವುದೂ ಹೆಚ್ಚು. ಈ ವಿಷ ಪರೀಕ್ಷೆ-ಗಿರೀಕ್ಷೆ ಇಲ್ಲದೆ ಎರಡು ಕೋಶಗಳನ್ನು ಪಕ್ಕದಿಂದ ಅಂಟಿಸಿ, ಐದರಲ್ಲಿ ಒಂದು ಟಿ ಕೋಶದವರೆಗೂ ಒಟ್ಟಿಗೇ ಎಬ್ಬಿಸಬಲ್ಲದು. ಮನೆಗೆ ಕಳ್ಳ ಬಂದ ಅಂತ ಇಡೀ ಊರೇ ದೊಣ್ಣೆ ಹಿಡಿದು ನುಗ್ಗಿದರೆ ಮನೆ ಉಳಿಯುತ್ತಾ? ಜ್ವರ, ಬಿಸಿಲಿಗೆ ಸುಟ್ಟಂಥ ಕೆಂಪು, ವಾಂತಿ, ಭೇದಿ, ಬಿಪಿ ಕುಸಿತ. ಇದೇ ಟಾಕ್ಸಿಕ್ ಶಾಕ್. ಹೆಣ್ಣುಮಕ್ಕಳೇ, ಮುಟ್ಟಿನ ಸಮಯದಲ್ಲಿ ಟ್ಯಾಂಪೂನ್ ಎಂಟು ಗಂಟೆ ಮೀರಿ ಇಟ್ಟುಕೊಳ್ಳಬೇಡಿ ಅನ್ನುವುದೂ ಇದಕ್ಕೇ. ಈ ಲಕ್ಷಣ ಕಂಡರೆ ಕಷಾಯ ಕಾಯಿಸುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಕಷಾಯ ಕುಡಿಯಿರಿ, ನಾನೂ ಕುಡಿಯುತ್ತೇನೆ, ಗಂಟಲಿಗೆ ಹಿತ. ಆದರೆ ಡಾಕ್ಟರ್ ಕೊಟ್ಟ ಮಾತ್ರೆಯನ್ನು ಫಾರ್ವರ್ಡ್ ನೋಡಿ ಬಿಡಬೇಡಿ, ಬಿಡಿಸಲೂಬೇಡಿ. ಅಮ್ಮನನ್ನು ಮೊನ್ನೆ ತಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಮತ್ತೆ ಶುರುವಾಗಿದೆ. ಊತ ಇಳಿಯಲು ವಾರಗಟ್ಟಲೆ ಬೇಕು.

ಆ ಪುಡಿ ಡಬ್ಬಿ ಇನ್ನೂ ದೇವರ ಮನೆ ಪಕ್ಕದ ಗೂಡಲ್ಲಿದೆ. ಯಾರಾದರೂ ಮನೆಗೆ ಹೋದಾಗ ತೆಗೆದು ಬಿಸಾಕಿ. ನಾನು ಹೇಳಿದೆ ಅಂತಲೇ ಹೇಳಿ.